ಲಿವರ್‌ನಲ್ಲಿ ಗಡ್ಡೆ, ಆದರೆ ಕ್ಯಾನ್ಸರ್ ಅಲ್ಲ

ಲಿವರ್‌ನಲ್ಲಿ ಕಾಣುವ ಗಡ್ಡೆ ಎಲ್ಲವೂ ಕ್ಯಾನ್ಸರ್ ಅಲ್ಲ. ಉಡುಪಿಯಲ್ಲಿರುವ ನಮ್ಮ ಭಾವನಿಗೆ ಬಿಟ್ಟು ಬಿಟ್ಟು ಜ್ವರ, ಬಲ ಪಕ್ಕೆಯ ಕೆಳಗೆ ನೋವು, ಗಂಜಿ ಚಟ್ನಿಯೂ ಬೇಡ ಅನ್ನುವ ಸ್ಥಿತಿ, ತೂಕ ಬೇರೆ ಇಳಿದಿತ್ತು. ಸಿಟಿ ಸ್ಕ್ಯಾನ್‌ನಲ್ಲಿ ಕಂಡದ್ದು ಥೇಟ್ ಕ್ಯಾನ್ಸರ್ ಥರವೇ.

ಮಂಗಳೂರಿನ ಡಾಕ್ಟ್ರು ಅವಸರ ಮಾಡಲಿಲ್ಲ. ರಕ್ತದಲ್ಲಿ ಎಎಫ್‌ಪಿ (ಲಿವರ್ ಕ್ಯಾನ್ಸರ್ ಇದ್ದರೆ ಹಲವರಲ್ಲಿ ಏರುವ ಪ್ರೋಟೀನ್) ನಾರ್ಮಲ್, ಸಿಆರ್‌ಪಿ (ಉರಿಯೂತ ಇದ್ದರೆ ಏರುವ ಪ್ರೋಟೀನ್) ಜಾಸ್ತಿ. (ಎಎಫ್‌ಪಿ ನಾರ್ಮಲ್ ಅಂದ ಮಾತ್ರಕ್ಕೆ ಕ್ಯಾನ್ಸರ್ ಇಲ್ಲ ಅಂತಲ್ಲ, ವಾಟ್ಸಾಪ್ ಪಂಡಿತರು ಗಮನಿಸಿ.) ಆಮೇಲೆ ಬಯಾಪ್ಸಿ. ಜಾಗ ಮರಗಟ್ಟಿಸಿ, ಸ್ಕ್ಯಾನ್ ನೋಡಿಕೊಂಡೇ ಉದ್ದ ಸೂಜಿ ಹಾಕಿ, ದಾರದ ತುಂಡಿನಷ್ಟು ಮಾಂಸ ತೆಗೆಯುತ್ತಾರೆ. ಅದರಲ್ಲಿ ಇದ್ದದ್ದು ಪ್ಲಾಸ್ಮಾ ಕೋಶ, ಲಿಂಫೋಸೈಟ್ (ಎರಡೂ ರೋಗದ ವಿರುದ್ಧ ಹೋರಾಡುವ ಕೋಶಗಳು), ನಾರಿನಂಥ ಅಂಗಾಂಶ. ಇದು ಇನ್‌ಫ್ಲಮೇಟರಿ ಸ್ಯೂಡೋಟ್ಯೂಮರ್, ಅಂದರೆ ಉರಿಯೂತದಿಂದ ಆದ, ಕ್ಯಾನ್ಸರ್ ಥರ ಕಾಣುವ ಗಡ್ಡೆ. ಲಿವರ್‌ನಲ್ಲಿ ಇದು ಬರುತ್ತದೆ ಅಂತ 1953ರಲ್ಲೇ ದಾಖಲಾಗಿದೆ, ಆದರೂ ತುಂಬಾ ಅಪರೂಪ.

"ಅಷ್ಟು ಸಣ್ಣ ಚೂರಲ್ಲಿ ಎಲ್ಲಾ ಗೊತ್ತಾಗ್ತದಾ ಡಾಕ್ಟ್ರೇ?" ಅಂತ ಅಕ್ಕ ಕೇಳಿದ್ದು ಸರಿಯಾದ ಪ್ರಶ್ನೆ. ಸೂಜಿ ತಾಗದ ಜಾಗದಲ್ಲಿ ಕ್ಯಾನ್ಸರ್ ಅಡಗಿರಬಹುದು, ಅದರ ಸುತ್ತಲೂ ಇಂಥದ್ದೇ ಉರಿಯೂತ ಇರಬಹುದು. ಹಾಗಾಗಿ ಆಂಟಿಬಯೋಟಿಕ್ ಕೊಟ್ಟು ಮತ್ತೆ ಸ್ಕ್ಯಾನ್ ಮಾಡಿದರು. ಗಡ್ಡೆ ಚಿಕ್ಕದಾಗಿತ್ತು; ಕ್ಯಾನ್ಸರ್ ಆಗಿದ್ದರೆ ಸಾಮಾನ್ಯವಾಗಿ ಆಂಟಿಬಯೋಟಿಕ್‌ಗೆ ಹಾಗೆ ಕುಗ್ಗುವುದಿಲ್ಲ. ಕೆಲವರಿಗೆ ಸ್ಟಿರಾಯ್ಡ್ ಬೇಕಾಗುತ್ತದೆ, ಅನುಮಾನ ಹೋಗದಿದ್ದರೆ ಆಪರೇಷನ್ನೂ ಉಂಟು. ಭಾವನಿಗೆ ಸದ್ಯಕ್ಕೆ ಆಗಾಗ ಸ್ಕ್ಯಾನ್ ಮಾತ್ರ.