ಬದನೆ ಬಣ್ಣದ ಡ್ರ್ಯಾಗನ್: ಪಿಂಗಾಣಿ ಸಂಗ್ರಹದ ಮೂರನೆಯ ವರ್ಷ

ಮಾರ್ಚ್, ಲಂಡನ್. ಇಲ್ಲಿಯವರೆಗೆ ಮೂರು ಬಟ್ಟಲು ಕೊಂಡಿದ್ದೇನೆ. ಮೂರೂ ಚೀನಾದ ಅರಮನೆಯ ಹೊಸ್ತಿಲು ಕಂಡವಲ್ಲ ಎಂಬುದು ಈಗ ಖಚಿತವಾಗಿದೆ. ಮೊದಲನೆಯದರ ತಳದಲ್ಲಿ ಕಾಂಗ್‌ಶಿ ಚಕ್ರವರ್ತಿಯ (1661–1722) ಹೆಸರು ನೋಡಿ ಕುಣಿದಾಡಿದ್ದೆ. ಅದು ಅದೇ ಚಿಂಗ್ ವಂಶದ ನಂತರದ ದೊರೆ ಗುವಾಂಗ್‌ಶು (1875–1908) ಕಾಲದ ಮಾಲು. ಎಲ್ಲವನ್ನೂ ಮೋಸ ಎನ್ನುವಂತಿಲ್ಲ. ಹಿಂದಿನ ದೊರೆಯ ಹೆಸರನ್ನು ಗೌರವಕ್ಕಾಗಿ ಬರೆಯುವುದೂ ಅಲ್ಲಿನ ವಾಡಿಕೆ. ಕಾಂಗ್‌ಶಿ ಕಾಲದವರೇ ಅದಕ್ಕೂ ಹಿಂದಿನ ಮಿಂಗ್ ವಂಶದ ದೊರೆ ಚೆಂಗ್‌ಹುವಾ ಹೆಸರನ್ನು ಬರೆದಿದ್ದಾರೆ. ಪುರಂದರವಿಠಲ ಎಂಬ ಅಂಕಿತ ಇದ್ದಮಾತ್ರಕ್ಕೆ ಹಾಡು ಪುರಂದರದಾಸರದೇ ಆಗಿಬಿಡುತ್ತದೆಯೇ?

ಏಪ್ರಿಲ್. ಇನ್ನು ಮುಂದೆ ಅಂಕಿತವನ್ನು ಕೊನೆಗೆ ಓದುತ್ತೇನೆ. ಮೊದಲು ತಳದ ಬಳೆ, ಅಂದರೆ ಬಟ್ಟಲು ನಿಲ್ಲುವ ದುಂಡು ಅಂಚು. ಅಲ್ಲಿ ಮೆರುಗು ಇರುವುದಿಲ್ಲ, ಚೀನಾದ ಪಿಂಗಾಣಿಯೂರು ಜಿಂಗ್‌ದೆಝೆನ್‌ನ ಮಣ್ಣು ಬರಿಮೈಯಲ್ಲಿ ಕಾಣುತ್ತದೆ. ಕಾಂಗ್‌ಶಿಯ ಮಗ ಯೊಂಗ್‌ಝೆಂಗ್ ಕಾಲದ ಒಳ್ಳೆಯ ಬಟ್ಟಲಿನಲ್ಲಿ ಆ ಅಂಚು ದುಂಡಗೆ, ನುಣ್ಣಗೆ ಇರುತ್ತದೆ. ಚೀನೀ ಸಂಗ್ರಾಹಕರು ಅದನ್ನು ಕೆಸರುಮೀನಿನ ಬೆನ್ನಿಗೆ ಹೋಲಿಸುತ್ತಾರೆ. ನನ್ನ ಮೊದಲ ಬಟ್ಟಲಿನ ಅಂಚಿನ ಮೇಲೆ ಬೆರಳಾಡಿಸಿದೆ. ಮೀನಲ್ಲ, ಗರಗಸ.

ಬ್ರಿಟಿಷ್ ಮ್ಯೂಸಿಯಂನ 95ನೆಯ ಕೋಣೆಗೆ ಮತ್ತೆ ಎರಡು ಸಲ ಹೋದೆ. ಚೀನೀ ಪಿಂಗಾಣಿ ಸಂಗ್ರಾಹಕ ಪರ್ಸಿವಲ್ ಡೇವಿಡ್ ಸಂಗ್ರಹದ ಸುಮಾರು 1,700 ವಸ್ತುಗಳು ಅಲ್ಲಿವೆ. ಕಣ್ಣು ಪಳಗುತ್ತದೆ, ಕೈ ಪಳಗುವುದಿಲ್ಲ. ಗಾಜಿನ ಹಿಂದಿನ ಬಟ್ಟಲಿಗೆ ತೂಕವಿಲ್ಲ. ಕೈಯಲ್ಲಿ ಹಿಡಿದು ನೋಡಬೇಕೆಂದರೆ ಹರಾಜಿನ ಹಿಂದಿನ ದಿನದ ವೀಕ್ಷಣೆಗೇ ಹೋಗಬೇಕು.

ಜೂನ್. ಒಂದು ಹರಾಜಿನ ವೀಕ್ಷಣೆಯಲ್ಲಿ ಸಿಕ್ಕಿತು! ಹಸಿರು ನೆಲ, ಬದನೆಕಾಯಿ ಬಣ್ಣದ ಡ್ರ್ಯಾಗನ್‌ಗಳು, ಒಂದೊಂದು ಪಾದಕ್ಕೂ ಐದು ಉಗುರು. ಒಳಗೆ ಬಿಳಿ. ಚಿಂಗ್ ಅರಮನೆಯಲ್ಲಿ ಬಟ್ಟಲಿನ ಬಣ್ಣವೇ ದರ್ಜೆ ಹೇಳುತ್ತಿತ್ತು: ಒಳಗೂ ಹೊರಗೂ ಹಳದಿಯಾದದ್ದು ಪಟ್ಟದರಾಣಿಗೆ, ಹಳದಿ ನೆಲದ ಮೇಲೆ ಹಸಿರು ಡ್ರ್ಯಾಗನ್ ಇರುವುದು ಅವಳಿಗಿಂತ ಕೆಳಗಿನ ರಾಣಿಯರಿಗೆ, ನಾನು ನೋಡಿದ ಈ ಬಣ್ಣ ಇನ್ನೂ ಕೆಳಗಿನ ಗ್ವೆಯ್‌ರೆನ್ ಎಂಬ ದರ್ಜೆಯವರಿಗೆ. ಊಟದ ಪಂಕ್ತಿಯಲ್ಲಿ ಎಲ್ಲರಿಗೂ ಒಂದೇ ಬಾಳೆಎಲೆ ಕಂಡು ಬೆಳೆದ ನನಗೆ ಇದು ಸ್ವಲ್ಪ ಕಸಿವಿಸಿ ತಂದಿತು. ಆದರೂ ಬಟ್ಟಲನ್ನು ಕೈಬಿಡಲಿಲ್ಲ.

ತಳದಲ್ಲಿ ನೀಲಿಯಲ್ಲಿ ಆರು ಅಕ್ಷರ: ಮಹಾ ಚಿಂಗ್ ವಂಶದ ಗುವಾಂಗ್‌ಶು ಆಳ್ವಿಕೆಯಲ್ಲಿ ಮಾಡಿದ್ದು. ಈ ಸಲ ಮಣ್ಣು, ತೂಕ, ಬರಹ ಮೂರೂ ಒಂದೇ ಮಾತು ಹೇಳಿದವು. ಬಾಯಿಯಂಚಿನಲ್ಲಿ ಮಾತ್ರ ಅನುಮಾನ. ನೇರಳಾತೀತ ದೀಪ ಹಿಡಿದಾಗ ಹೆಬ್ಬೆರಳಗಲದ ತೇಪೆ ಹೊಳೆಯಿತು. ವಿವರಪಟ್ಟಿಯಲ್ಲಿ ಅದರ ಸೊಲ್ಲೇ ಇರಲಿಲ್ಲ. ಅದಕ್ಕೆ ತಕ್ಕಂತೆ ನನ್ನ ಮಿತಿಯನ್ನು ಅರ್ಧಕ್ಕೆ ಇಳಿಸಿ ಕೂಗಿದೆ. ಉಳಿದವರ ಬಳಿಯೂ ದೀಪ ಇತ್ತೆಂದು ತೋರುತ್ತದೆ, ಯಾರೂ ಹೆಚ್ಚು ಏರಿಸಲಿಲ್ಲ.

ಜುಲೈ. ಚೆಂಗ್‌ಹುವಾ ಕಾಲದ ಕೋಳಿ ಚಿತ್ರದ ಬಟ್ಟಲಿಗೆ 2014ರಲ್ಲಿ 28 ಕೋಟಿ ಹಾಂಗ್‌ಕಾಂಗ್ ಡಾಲರ್‌ಗೂ ಹೆಚ್ಚು ಕೊಟ್ಟ ಚೀನಾದ ಸಿರಿವಂತ ಸಂಗ್ರಾಹಕ ಲಿಯು ಯಿಚ್ಯೆನ್ ಅದರಲ್ಲೇ ಚಹಾ ಕುಡಿದಿದ್ದರು. ನನ್ನದರಲ್ಲಿ ಕುಡಿದರೆ ಬಿಸಿಗೆ ತೇಪೆ ಎದ್ದೀತು. ಅದು ಕಪಾಟು ಸೇರಿದೆ. ಹಳೆಯ ಎರಡನ್ನು ಮಾರಲಿದ್ದೇನೆ. ಕಾಂಗ್‌ಶಿ ಹೆಸರಿನದು ಮಾತ್ರ ಬರೆಯುವ ಮೇಜಿನ ಮೇಲೆ ಬೋರಲಾಗಿ ಕುಳಿತಿದೆ, ತಳ ಸದಾ ಕಣ್ಣಿಗೆ ಬೀಳುವಂತೆ.