ಕೊಂಡಜ್ಜಿ ಕೆರೆಯ ದಡದಲ್ಲಿ ಐದು ದಿನ

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಫೋನ್ ಬಂದ ರಾತ್ರಿ ನನ್ನ ಮೂಗಿಗೆ ಹಸಿ ಸೌದೆಯ ಹೊಗೆ ಬಡಿದಂತಾಯಿತು. ಯಾವ ಹೊಗೆ ಅಂತ ಅಂದು ಜೊತೆಗಿದ್ದವರಿಗೆ ಹೇಳಬೇಕಾಗಿಲ್ಲ.

1986ರ ಡಿಸೆಂಬರ್. ನಾನು ಏಳನೇ ಕ್ಲಾಸು. ದಾವಣಗೆರೆ ಆಗಿನ್ನೂ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು. ನಮ್ಮ ಶಾಲೆಯ 32 ಸ್ಕೌಟ್ ಹುಡುಗರನ್ನು ಸ್ಕೌಟ್ ಮೇಷ್ಟ್ರು ದಾವಣಗೆರೆ ಹತ್ತಿರದ ಕೊಂಡಜ್ಜಿಗೆ ಕರೆದುಕೊಂಡು ಹೋದರು. ಸ್ಕೌಟ್ಸ್ ಚಳವಳಿಗಾಗಿ ದುಡಿದ, ಲೋಕಸಭಾ ಸದಸ್ಯರೂ ಆಗಿದ್ದ ಕೊಂಡಜ್ಜಿ ಬಸಪ್ಪನವರ ಊರು ಅದು. ಒಂದು ಕಡೆ ಗುಡ್ಡ, ಎದುರಿಗೆ ದೊಡ್ಡ ಕೆರೆ. ಮನೆಯವರನ್ನು ಬಿಟ್ಟು ಒಂದು ರಾತ್ರಿಯೂ ಹೊರಗೆ ಮಲಗದಿದ್ದ ನನಗೆ ಕೆರೆ ಕಂಡ ಕೂಡಲೇ ಮನೆ ಮರೆತೇ ಹೋಯಿತು.

ಎಂಟೆಂಟು ಜನರ ನಾಲ್ಕು ಪೆಟ್ರೋಲ್, ಅಂದರೆ ಸ್ಕೌಟ್ ಗುಂಪು. ನಮ್ಮದು ಹದ್ದು ಪೆಟ್ರೋಲ್. ಲೀಡರ್ ಒಂಬತ್ತನೇ ಕ್ಲಾಸಿನ ಅಣ್ಣ. ಟೆಂಟ್ ಎಲ್ಲಿ ಹಾಕಬೇಕು, ಯಾರು ನೀರು ತರಬೇಕು, ಯಾರು ಅಡುಗೆ ಮಾಡಬೇಕು, ಎಲ್ಲಾ ಅವನೇ ಹೇಳಬೇಕು. ಮೇಷ್ಟ್ರು ಕೈ ಕಟ್ಟಿಕೊಂಡು ನಿಂತು ನೋಡುತ್ತಿದ್ದರು. ಹುಡುಗರನ್ನು ಸಣ್ಣ ಸಣ್ಣ ಗುಂಪು ಮಾಡಿ ಜವಾಬ್ದಾರಿ ಅವರಿಗೇ ಬಿಡುವ ಈ ಪದ್ಧತಿಯನ್ನು ಸ್ಕೌಟ್ ಚಳವಳಿ ಹುಟ್ಟುಹಾಕಿದ ಬೇಡನ್ ಪೊವೆಲ್ 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ಎಂಬ ದ್ವೀಪದಲ್ಲಿ ಸುಮಾರು 20 ಹುಡುಗರನ್ನು ಇಟ್ಟುಕೊಂಡು ಪರೀಕ್ಷೆ ಮಾಡಿ ನೋಡಿದರಂತೆ. ದೊಡ್ಡ ಮನೆತನದ ಹುಡುಗರು, ದುಡಿಯುವವರ ಮಕ್ಕಳು ಎಲ್ಲರೂ ಅಲ್ಲಿ ಒಟ್ಟಿಗೇ ಇದ್ದರು. ಮೇಷ್ಟ್ರು ಇದನ್ನು ಮೊದಲ ರಾತ್ರಿ ಬೆಂಕಿಯ ಮುಂದೆ ಹೇಳಿದಾಗ ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಮ್ಮ ಎಂಟು ಜನರಲ್ಲಿ ಅಡಿಕೆ ಮಂಡಿಯವರ ಮಗನಿದ್ದ, ಕಾಟನ್ ಮಿಲ್ ಕಾರ್ಮಿಕರ ಮಗನಿದ್ದ, ಹಾಸ್ಟೆಲ್ಲಿನಿಂದ ಬರುತ್ತಿದ್ದ ಇಬ್ಬರಿದ್ದರು. ಅಲ್ಲಿಯವರೆಗೆ ನಾವು ಒಟ್ಟಿಗೆ ಕೂತು ಊಟ ಮಾಡಿದ್ದೇ ಇಲ್ಲ.

ಆ ಮೊದಲ ಊಟದ ಬಗ್ಗೆ ಹೇಳಲೇಬೇಕು. ಮೂರು ಕಲ್ಲು ಇಟ್ಟು ಒಲೆ ಹೂಡಿದ್ದೆವು. ಸೌದೆ ಹಸಿ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಅಂತ ಯಾರೂ ನೋಡಿರಲಿಲ್ಲ. ಹೊಗೆಯೆಲ್ಲ ನಮ್ಮ ಮೇಲೇ ಬಂತು. ಊದಿ ಊದಿ ಎಲ್ಲರ ಕಣ್ಣು ಕೆಂಪಾದವು. ಅನ್ನ ತಳ ಹಿಡಿದಿತ್ತು, ಮೇಲೆ ಅಕ್ಕಿ ಅಕ್ಕಿಯಾಗಿಯೇ ಇತ್ತು. ಮೇಷ್ಟ್ರು ಬಂದರು. ಬೈತಾರೆ ಅಂತ ಕಾದೆವು. ಅವರು ತಟ್ಟೆ ಹಿಡಿದು ನಮ್ಮ ಜೊತೆ ನೆಲದ ಮೇಲೆ ಕೂತರು. ಆ ಅನ್ನವನ್ನೇ ಹಾಕಿಸಿಕೊಂಡು ಪೂರ್ತಿ ಉಂಡರು. ಎದ್ದು ಕೈ ತೊಳೆಯುವಾಗ ಕೇಳಿದ್ದು ಒಂದೇ ಮಾತು: "ನಾಳೆ ಒಲೆ ಬಾಯಿ ಯಾವ ಕಡೆ ಇಡ್ತೀರೋ?"

ಮರುದಿನ ನಾವು ಒಲೆ ಹೂಡುವ ಮೊದಲು ಒಂದು ಹಿಡಿ ಮಣ್ಣು ಮೇಲೆ ತೂರಿ ಗಾಳಿ ನೋಡಿದೆವು. ಸೌದೆಯನ್ನು ಬೆಳಿಗ್ಗೆಯೇ ಬಿಸಿಲಿಗೆ ಹಾಕಿದ್ದೆವು. ಅನ್ನ ಮಲ್ಲಿಗೆ ಹೂವಿನಂತೆ ಅರಳಿತ್ತು. ಇಂದಿಗೂ ನಾನು ಉಂಡ ಊಟಗಳಲ್ಲಿ ಅದಕ್ಕೇ ಮೊದಲ ಜಾಗ.

ಬೆಳಿಗ್ಗೆ ಸೀಟಿ, ಬೇಡನ್ ಪೊವೆಲ್ ಅವರ ಆರು ವ್ಯಾಯಾಮ, ಧ್ವಜ, ಟೆಂಟ್ ತಪಾಸಣೆ. ಎರಡನೇ ದಿನ ಗುಡ್ಡದಲ್ಲಿ ಜಾಡು ಹಿಡಿಯುವ ಆಟ. ಕಲ್ಲಿನ ಮೇಲೆ ಕಲ್ಲು, ಅದರ ಬಲಕ್ಕೆ ಇನ್ನೊಂದು ಕಲ್ಲಿದ್ದರೆ ಬಲಕ್ಕೆ ತಿರುಗಬೇಕು. ಎರಡು ಕಡ್ಡಿ ಅಡ್ಡಡ್ಡ ಇಟ್ಟಿದ್ದರೆ ಈ ದಾರಿ ಬೇಡ. ಸುತ್ತಲೂ ಕಲ್ಲಿನ ಉಂಗುರ, ನಡುವೆ ಒಂದೇ ಕಲ್ಲು ಇದ್ದರೆ 'ನಾನು ಮನೆಗೆ ಹೋದೆ' ಅಂತ ಅರ್ಥ. ಕೀನ್ಯಾದ ನ್ಯೇರಿಯಲ್ಲಿರುವ ಬೇಡನ್ ಪೊವೆಲ್ ಅವರ ಸಮಾಧಿಯ ಮೇಲೂ ಇದೇ ಗುರುತು ಕೆತ್ತಿದ್ದಾರೆ ಎಂದು ಮೇಷ್ಟ್ರು ಹೇಳಿದಾಗ ಗುಂಪೆಲ್ಲಾ ಸುಮ್ಮನಾಯಿತು.

ಮೂರನೇ ದಿನ ತೆಪ್ಪ. ಗಾಳಿ ತುಂಬಿದ ನಾಲ್ಕು ಲಾರಿ ಟ್ಯೂಬು, ಆರು ಬಿದಿರು ಗಳ, ಹಗ್ಗದ ಸುರುಳಿ. ಗಳಗಳನ್ನು ಅಡ್ಡಡ್ಡ ಇಟ್ಟು, ಅವು ಕೂಡುವಲ್ಲಿ ಹಗ್ಗ ಸುತ್ತಿ ಬಿಗಿಯುವ ಸ್ಕ್ವೇರ್ ಲ್ಯಾಶಿಂಗ್ ಎಂಬ ಕಟ್ಟು ಹಾಕಬೇಕು. ಅದು ಕ್ಲೋವ್ ಹಿಚ್ ಎಂಬ ಗಂಟಿನಿಂದ ಶುರುವಾಗಿ ಕ್ಲೋವ್ ಹಿಚ್‌ನಲ್ಲೇ ಮುಗಿಯುತ್ತದೆ. ನಮಗೆ ಅದು ಬಾಯಲ್ಲಿ ಬರುತ್ತಿತ್ತು, ಕೈಯಲ್ಲಿ ಬರುತ್ತಿರಲಿಲ್ಲ. ಹಾಸ್ಟೆಲ್ಲಿನ ಹುಡುಗನೊಬ್ಬ ಹಗ್ಗ ತೆಗೆದುಕೊಂಡು ಕಣ್ಣು ಮಿಟುಕಿಸುವಷ್ಟರಲ್ಲಿ ಗಂಟು ಹಾಕಿ ತೋರಿಸಿದ. "ಇದು ಗೂಟಕ್ಕೆ ಕರು ಕಟ್ಟೋ ಗಂಟು ಅಲ್ವಾ ಸರ್?" ಅಂದ. ಮೇಷ್ಟ್ರ ಮುಖ ಅರಳಿತು. "ಹೌದಪ್ಪಾ, ಅದೇ. ಬಾ, ನೀನೇ ಎಲ್ಲರಿಗೂ ಕಲಿಸು" ಅಂದರು. ಕ್ಲಾಸಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ಬಾಯಿ ಬಿಡದ ಹುಡುಗ ಆವತ್ತು 31 ಜನರಿಗೆ ಮೇಷ್ಟ್ರಾದ. ಅವನ ದನಿ ಎಷ್ಟು ಗಟ್ಟಿ ಇದೆ ಅಂತ ನಮಗೆ ಆಗಲೇ ಗೊತ್ತಾಗಿದ್ದು.

ಒಂದು ಮೂಲೆಯ ಕಟ್ಟು ನನ್ನದು. ಸುತ್ತು ಹಾಕಿದೆ, ಗಂಟು ಹಾಕಿದೆ. ಎರಡು ಗಳಗಳ ನಡುವೆ ಹಗ್ಗವನ್ನು ಅಡ್ಡಲಾಗಿ ಎಳೆದು ಬಿಗಿ ಮಾಡುವ ಸುತ್ತು ಬಿಟ್ಟುಬಿಟ್ಟೆ. ಆಟಕ್ಕೆ ಬೇಗ ಇಳಿಯುವ ಆಸೆ. ಮೇಷ್ಟ್ರು ಎದೆಮಟ್ಟದ ನೀರಿನಲ್ಲಿ ನಿಂತಿದ್ದರು. ತೆಪ್ಪಕ್ಕೆ ಕಟ್ಟಿದ ಉದ್ದ ಹಗ್ಗ ದಡದಲ್ಲಿ ನಾಲ್ವರ ಕೈಯಲ್ಲಿತ್ತು. ಇಬ್ಬರು ಕೂತು ಸ್ವಲ್ಪ ದೂರ ಹೋಗುವಷ್ಟರಲ್ಲಿ ನನ್ನ ಮೂಲೆ ಸಡಿಲಾಯಿತು. ಗಳ ಜಾರಿತು. ಇಬ್ಬರೂ ನೀರಿಗೆ ಬಿದ್ದರು. ಮೇಷ್ಟ್ರು ಒಂದೇ ನೆಗೆತಕ್ಕೆ ಇಬ್ಬರನ್ನೂ ಹಿಡಿದರು. ಏನೂ ಆಗಲಿಲ್ಲ. ಆದರೆ ನನ್ನ ಕೈ ಕಾಲು ನಡುಗುತ್ತಿತ್ತು.

ಯಾರು ಕಟ್ಟಿದ್ದು ಅಂತ ಅವರು ಕೇಳಲೇ ಇಲ್ಲ. ತೆಪ್ಪ ದಡಕ್ಕೆ ಎಳೆಸಿ, "ಯಾವ ಕಟ್ಟು ಬಿಟ್ಟಿದೆ, ಯಾಕೆ ಬಿಟ್ಟಿದೆ ನೋಡ್ರಿ" ಎಂದು ದೂರ ಹೋಗಿ ಒದ್ದೆ ಬಟ್ಟೆಯಲ್ಲೇ ಕೂತರು. ನಾನೇ ಮುಂದೆ ಹೋಗಿ ನನ್ನ ಕಟ್ಟು ಬಿಚ್ಚಿದೆ. ಹಾಸ್ಟೆಲ್ ಹುಡುಗ ಪಕ್ಕಕ್ಕೆ ಬಂದು ಹಗ್ಗದ ಇನ್ನೊಂದು ತುದಿ ಹಿಡಿದ. "ನೀನು ಸುತ್ತು, ನಾನು ಎಳೀತೀನಿ" ಅಂದ. ಹಗ್ಗ ಅಂಗೈ ಕೊಯ್ಯುವಷ್ಟು ಬಿಗಿ ಮಾಡಿದೆವು.

ಸಂಜೆ ಅದೇ ತೆಪ್ಪದ ಮೇಲೆ ಮೊದಲು ಕೂರಿಸಿದ್ದು ನಮ್ಮಿಬ್ಬರನ್ನು. ಬಿಸಿಲು ಇಳಿದಿತ್ತು. ಬೆಳ್ಳಕ್ಕಿಗಳು ಸಾಲಾಗಿ ಮರಕ್ಕೆ ಹೋಗುತ್ತಿದ್ದವು. ನೀರುಕಾಗೆಯೊಂದು ನಮ್ಮ ಹತ್ತಿರವೇ ಮುಳುಗಿ ಎಲ್ಲೋ ದೂರದಲ್ಲಿ ಎದ್ದಿತು. ನೀರಿನ ಮೇಲಿಂದ ನೋಡಿದರೆ ನಮ್ಮ ಟೆಂಟುಗಳು ಬೆಂಕಿಪೊಟ್ಟಣದಷ್ಟು ಚಿಕ್ಕದಾಗಿ ಕಾಣುತ್ತಿದ್ದವು. ಅವನು ಕಾಲು ನೀರಿಗೆ ಇಳಿಬಿಟ್ಟು ತನ್ನ ಊರಿನ ಕೆರೆಯ ಕಥೆ ಹೇಳುತ್ತಿದ್ದ. ಕೋಡಿ ಬಿದ್ದ ವರ್ಷ ಊರೆಲ್ಲ ಬಂದು ಪೂಜೆ ಮಾಡಿದ್ದು, ತೂಬಿನ ಹತ್ತಿರ ಅಪ್ಪ ಈಜು ಕಲಿಸಿದ್ದು. ಮೂರು ವರ್ಷ ಒಂದೇ ಕ್ಲಾಸಿನಲ್ಲಿ ಕೂತಿದ್ದ ನಾವು ಮಾತಾಡಿದ್ದು ಅದೇ ಮೊದಲು.

ಕೊನೆಯ ದಿನ ಮಂಡಕ್ಕಿ ಮೆಣಸಿನಕಾಯಿ ತಿಂದು, ಗುಂಡಿ ಮುಚ್ಚಿ, ಒಲೆಯ ಕಲ್ಲುಗಳನ್ನು ಇದ್ದಲ್ಲೇ ಇಟ್ಟು ಹೊರಟೆವು. ಹೊರಡುವ ಮುಂಚೆ ಏರಿಯ ಮೇಲೆ ಒಂದು ಗ್ರೂಪ್ ಫೋಟೋ ತೆಗೆದರು. ನನ್ನ ಪ್ರತಿ ಮನೆ ಬದಲಿಸುವಾಗ ಕಳೆದುಹೋಯಿತು. ಮೇಷ್ಟ್ರು ತೀರಿಕೊಂಡು ಆರು ವರ್ಷವಾಯಿತು. ಹದ್ದು ಪೆಟ್ರೋಲಿನವರು ಯಾರಾದರೂ ಇದನ್ನು ಓದುತ್ತಿದ್ದರೆ, ಆ ಫೋಟೋ ನಿಮ್ಮ ಹತ್ತಿರ ಇದ್ದರೆ, ದಯವಿಟ್ಟು ಶಾಲೆಯ ಆಫೀಸಿಗೆ ಒಂದು ಪ್ರತಿ ಕಳಿಸಿ. ಮೇಷ್ಟ್ರು ಎಡಗಡೆ ತುದಿಯಲ್ಲಿ ನಿಂತಿದ್ದಾರೆ. ಪ್ಯಾಂಟ್ ಇನ್ನೂ ಮೊಣಕಾಲಿನವರೆಗೆ ಮಡಚಿದೆ.