ಓಮ್ ಹೋಗಿ ವ್ಯಾಟ್ ಕೂತಿತ್ತು: ಪ್ರಶ್ನೆ ಸಂಚಯದ ಕೆಲಸ ಎಲ್ಲಿಗೆ ಬಂತು

ಕಾಸರಗೋಡಿನ ಬದಿಯಡ್ಕ ಕಡೆಯ ಕನ್ನಡ ಮಾಧ್ಯಮದ ಮಕ್ಕಳಿಗೆಂದು ಹಳೆಯ ವಿಜ್ಞಾನ ಪ್ರಶ್ನೆಗಳನ್ನು ಯುನಿಕೋಡಿಗೆ, ಅಂದರೆ ಎಲ್ಲ ಕಂಪ್ಯೂಟರುಗಳಿಗೂ ಅರ್ಥವಾಗುವ ಅಕ್ಷರ ಸಂಕೇತಕ್ಕೆ, ತರುವ ಕೆಲಸ ವಿದ್ಯುತ್ ಪಾಠದವರೆಗೆ ಬಂತು. ಫೈಲುಗಳೆಲ್ಲ ವಿಂಡೋಸಿನಲ್ಲಿ ನುಡಿ ಫಾಂಟ್ ಹಾಕಿ ಟೈಪ್ ಮಾಡಿದವು; ಒಳಗಿರುವುದು ಇಂಗ್ಲಿಷ್ ಅಕ್ಷರ, ಕನ್ನಡವಾಗಿ ತೋರಿಸುವುದು ಫಾಂಟ್. ಕೇರಳದ ಶಾಲೆಗಳಲ್ಲಿರುವುದು ಲಿನಕ್ಸ್, ಅದರಲ್ಲಿ ಲಿಬ್ರೆಆಫೀಸ್. ಅಲ್ಲಿ ತೆರೆದರೆ ಟೋಪಿ ಹಾಕಿದ ಇಂಗ್ಲಿಷ್ ಅಕ್ಷರಗಳ ಸಂತೆ. ಪರಿವರ್ತಕಕ್ಕೆ ಹಾಕಿದರೆ ಕನ್ನಡ ಹೆಚ್ಚುಕಡಿಮೆ ಸರಿಯಾಗುತ್ತದೆ. ಅರ್ಕಾವತ್ತು ಮಾತ್ರ ಆಗಾಗ ಕೈಕೊಡುತ್ತದೆ. ನುಡಿಯಲ್ಲಿ ಅದು ಅಕ್ಷರದ ಹಿಂದೆ ಬರುತ್ತದೆ, ಯುನಿಕೋಡಿನಲ್ಲಿ ‘ರ’ ಮುಂದೆ ಹೋಗಬೇಕು.

ತಲೆ ತಿಂದದ್ದು ಚಿಹ್ನೆಗಳು. ಚೌಕ ಡಬ್ಬಿ ಕಂಡರೆ ಪುಣ್ಯ, ಏನೋ ಹೋಗಿದೆ ಎಂದಾದರೂ ತಿಳಿಯುತ್ತದೆ. ಗ್ರೀಕ್ ಅಕ್ಷರಗಳಿಗೆಂದು ಬಳಸಿದ ಸಿಂಬಲ್ ಫಾಂಟಿನದ್ದು ಹಾಗಲ್ಲ ಮಾರಾಯ್ರೆ. ಅದರಲ್ಲಿ ದೊಡ್ಡ ಡಬ್ಲ್ಯು ಒತ್ತಿದರೆ ಓಮ್, ಸಣ್ಣ ಎಮ್ ಮೈಕ್ರೋ, ಸಣ್ಣ ಪಿ ಪೈ. ಫಾಂಟ್ ಕಳಚಿತೋ, ಒಳಗಿದ್ದ ಇಂಗ್ಲಿಷ್ ಅಕ್ಷರ ಹೊರಗೆ. ಓಮ್ ಚಿಹ್ನೆ ಡಬ್ಲ್ಯು ಆಗಿ, ಡಬ್ಲ್ಯು ಎಂದರೆ ವ್ಯಾಟ್ ಆದ್ದರಿಂದ, ‘10 ವ್ಯಾಟಿನ ಎರಡು ರೆಸಿಸ್ಟರುಗಳನ್ನು ಶ್ರೇಣಿಯಲ್ಲಿ ಜೋಡಿಸಿದರೆ...’ ಎಂದು ಒಂದು ಪ್ರಶ್ನೆ ಏನೂ ಆಗದಂತೆ ಕೂತಿತ್ತು. 10 ವ್ಯಾಟಿನ ರೆಸಿಸ್ಟರ್ ಅಂಗಡಿಯಲ್ಲಿ ನಿಜಕ್ಕೂ ಸಿಗುತ್ತದೆ, ಹಾಗಾಗಿ ಓದುವವರಿಗೆ ಸಂಶಯವೂ ಬಾರದು. ಮೈಕ್ರೋಫ್ಯಾರಡ್ ಮಿಲಿಫ್ಯಾರಡ್ ಆದರೆ ಉತ್ತರವೇ 1000 ಪಟ್ಟು ಆಚೆ. ಡಿಗ್ರಿ ಬಚಾವ್, ಸಿಂಬಲ್‌ನಲ್ಲೂ ಮಾಮೂಲಿ ಇಂಗ್ಲಿಷ್ ಫಾಂಟಿನಲ್ಲೂ ಅದರ ಜಾಗ ಒಂದೇ.

ಹಾಗಾಗಿ ಈಗ ಮೊದಲು ಚಿಹ್ನೆ, ಆಮೇಲೆ ಕನ್ನಡ. ಲಿಬ್ರೆಆಫೀಸ್ ರೈಟರ್‌ನ ಫೈಂಡ್ ಅಂಡ್ ರಿಪ್ಲೇಸ್ ತೆರೆದು, ಹುಡುಕುವ ಅಕ್ಷರಕ್ಕೆ ಫಾರ್ಮ್ಯಾಟ್‌ನಲ್ಲಿ ಸಿಂಬಲ್ ಫಾಂಟ್ ಆರಿಸಿ, ಮ್ಯಾಚ್ ಕೇಸ್ ಹಾಕುತ್ತೇನೆ. ನುಡಿಯಲ್ಲಿರುವ ಡಬ್ಲ್ಯುಗಳಿಗೆ ಆಗ ಏನೂ ಆಗುವುದಿಲ್ಲ. ಬದಲಿಗೆ ಹಾಕುವುದು ಗ್ರೀಕ್ ಒಮೆಗಾ, ಮಾಮೂಲಿ ಫಾಂಟಿನಲ್ಲಿ. ಯುನಿಕೋಡಿನಲ್ಲಿ ಓಮ್‌ಗೆಂದೇ 2126 ಎಂಬ ಬೇರೆ ಜಾಗವಿದ್ದರೂ ಯುನಿಕೋಡಿನವರ ಸಲಹೆಯೇ ಒಮೆಗಾ.

ಇನ್ಸರ್ಟ್ ಸಿಂಬಲ್‌ನಿಂದ ಹಾಕಿದವು ಇದಕ್ಕೆ ಬಗ್ಗುವುದಿಲ್ಲ, ಅವು ಯುನಿಕೋಡಿನ ಖಾಸಗಿ ವಲಯದಲ್ಲಿವೆ, ಅಂದರೆ ಯಾವ ಅಕ್ಷರಕ್ಕೂ ಗೊತ್ತುಮಾಡದೆ ಬಿಟ್ಟ ಜಾಗದಲ್ಲಿ. ಚಿಹ್ನೆಯ ಹಿಂದೆಯೇ ಕರ್ಸರ್ ಇಟ್ಟು ಆಲ್ಟ್-ಎಕ್ಸ್ ಒತ್ತಿದರೆ ಎಫ್057 ಎಂದು ಬರುತ್ತದೆ. ಆ 57 ಹದಿನಾರರ ಲೆಕ್ಕದಲ್ಲಿ (ಹೆಕ್ಸ್) ಡಬ್ಲ್ಯುವಿನ ಸಂಖ್ಯೆ. ಅಷ್ಟು ಗೊತ್ತಾದರೆ ಉಳಿದವನ್ನು ಲೆಕ್ಕ ಹಾಕಬಹುದು.

ಮುಂದಿನದು ಬೆಳಕಿನ ಪಾಠ. ಅಲ್ಲಿನ ಸೂತ್ರಗಳು ಈಕ್ವೇಶನ್ ಎಡಿಟರ್ 3.0ರವು, ಮೈಕ್ರೋಸಾಫ್ಟ್ ಅದನ್ನು 2018ರ ಜನವರಿಯಲ್ಲೇ ಆಫೀಸಿನಿಂದ ಕಿತ್ತುಹಾಕಿದೆ. ಲಿಬ್ರೆಆಫೀಸಿನ ಲೋಡ್/ಸೇವ್ ಆಯ್ಕೆಗಳಲ್ಲಿ ಮ್ಯಾತ್‌ಟೈಪ್ (ಅದೇ ಜಾತಿಯ ಸೂತ್ರಗಳ) ಪರಿವರ್ತನೆಗೆ ಟಿಕ್ ಹಾಕಿ ನೋಡಬೇಕು.